ಏದುಸಿರಿಗೆ ಬರೀ ವಯಸ್ಸೇ ಕಾರಣ ಅಲ್ಲ
ಶ್ವಾಸಕೋಶದ ದೀರ್ಘಕಾಲದ ಕಾಯಿಲೆಗಳಿಗೆ ತಜ್ಞರ ಆರೈಕೆ ಅಂದ್ರೆ ಏನು?

ಕನ್ನಡದಲ್ಲಿ ಉಸಿರಿನ ತೊಂದರೆಗೆ ಪದಗಳ ಕೊರತೆ ಇಲ್ಲ. ದಮ್ಮು, ಉಬ್ಬಸ, ಗೂರಲು, ಏದುಸಿರು, ಮೇಲುಸಿರು. ‘ಅಜ್ಜಿಗೆ ದಮ್ಮು’ ಅಂದರೆ ಸಾಕು, ಮನೆಮಂದಿಗೆಲ್ಲ ಅರ್ಥವಾಗುತ್ತದೆ. ಆದರೆ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಅದು ಯಾವ ದಮ್ಮು, ಯಾಕೆ ಬಂತು, ಎಷ್ಟರ ಮಟ್ಟಿಗೆ ಇದೆ ಅಂತ ಯಾರೂ ಕೇಳುವುದಿಲ್ಲ. ‘ವಯಸ್ಸಾಯ್ತಲ್ಲಪ್ಪ’ ಅಂತ ಅಜ್ಜಿಯೇ ಹೇಳಿ ಮುಗಿಸಿಬಿಡುತ್ತಾರೆ.

ಈ ಲೇಖನ ಅಲ್ಲಿಂದ ಮುಂದಿನ ಮಾತಿಗಾಗಿ. ಬ್ರಿಟನ್ನಿನಲ್ಲಿ ಓದುತ್ತಿರುವ ನಮ್ಮಲ್ಲಿ ಕೆಲವರಿಗೆ ಸ್ವತಃ ಅಸ್ತಮಾ ಇದೆ. ಇನ್ನು ಹಲವರ ಮನೆಯಲ್ಲಿ ಅಪ್ಪನೋ, ದೊಡ್ಡಮ್ಮನೋ, ಅಜ್ಜನೋ ನಾಲ್ಕು ಮೆಟ್ಟಿಲು ಹತ್ತಿದರೆ ನಿಂತು ಸುಧಾರಿಸಿಕೊಳ್ಳುತ್ತಾರೆ. ಶ್ವಾಸಕೋಶದ ದೀರ್ಘಕಾಲದ ಕಾಯಿಲೆಗಳು ಬಹುಪಾಲು ಪೂರ್ತಿ ವಾಸಿಯಾಗುವುದಿಲ್ಲ, ಅದು ನಿಜ. ಆದರೆ ಸರಿಯಾದ ಆರೈಕೆ ಸಿಕ್ಕವರಿಗೂ ಸಿಗದವರಿಗೂ ಇರುವ ವ್ಯತ್ಯಾಸ ಬಹಳ ದೊಡ್ಡದು. ಒಬ್ಬರು ದಿನಾ ದೇವಸ್ಥಾನದವರೆಗೆ ನಡೆದು ಬರುತ್ತಾರೆ, ಇನ್ನೊಬ್ಬರು ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಆ ವ್ಯತ್ಯಾಸ ತರುವುದರಲ್ಲಿ ಹೆಚ್ಚಿನವು ದುಬಾರಿ ಯಂತ್ರಗಳಲ್ಲ. ಸರಿಯಾಗಿ ಅಳೆಯುವುದು, ಔಷಧಿಯನ್ನು ಸರಿಯಾಗಿ ಎಳೆದುಕೊಳ್ಳುವುದು, ವ್ಯಾಯಾಮ, ಮತ್ತು ಹೊತ್ತು ಮೀರುವ ಮುಂಚೆ ತಜ್ಞರ ಹತ್ತಿರ ಹೋಗುವುದು, ಇಷ್ಟೇ.

ದಮ್ಮು ಒಂದೇ, ಕಾಯಿಲೆ ಹಲವು

ಮೂಗಿನಿಂದ ಒಳಹೋದ ಗಾಳಿ ಮರದ ಕೊಂಬೆಗಳ ಹಾಗೆ ಕವಲೊಡೆಯುವ ಕೊಳವೆಗಳಲ್ಲಿ ಸಾಗಿ, ಕೊನೆಗೆ ಕೋಟ್ಯಂತರ ಪುಟ್ಟ ಗಾಳಿಚೀಲಗಳನ್ನು ತಲುಪುತ್ತದೆ. ಆ ಚೀಲಗಳ ತೆಳು ಗೋಡೆ ದಾಟಿ ಆಮ್ಲಜನಕ ರಕ್ತಕ್ಕೆ ಸೇರುತ್ತದೆ. ಈ ದಾರಿಯಲ್ಲಿ ಎಲ್ಲಿ ಕೆಟ್ಟಿದೆ ಅನ್ನುವುದರ ಮೇಲೆ ಕಾಯಿಲೆ ಬೇರೆ ಬೇರೆ.

ಕೊಳವೆಗಳು ಆಗಾಗ ಬಿಗಿದು, ಮತ್ತೆ ಸಡಿಲವಾಗುವುದು ಅಸ್ತಮಾ. ಹೊಗೆ, ದೂಳುಗಳಿಂದ ವರ್ಷಾನುಗಟ್ಟಲೆ ಪೆಟ್ಟು ತಿಂದು ಕೊಳವೆಗಳು ಕಿರಿದಾಗಿ, ಗಾಳಿಚೀಲಗಳು ಹರಿದು, ಮತ್ತೆ ಮೊದಲಿನಂತೆ ಆಗದೆ ಹೋಗುವುದು ಸಿಓಪಿಡಿ. ಗಾಳಿಚೀಲಗಳ ಸುತ್ತಲಿನ ಹಂದರವೇ ದಪ್ಪಗಾಗಿ, ಗಾಯದ ಕಲೆಯ ಹಾಗೆ ಗಟ್ಟಿಯಾಗುವುದು ಐಎಲ್‌ಡಿ ಗುಂಪಿನ ಕಾಯಿಲೆಗಳು. ಕೊಳವೆಗಳು ಅಗಲವಾಗಿ ಕಫ ನಿಂತು ಪದೇ ಪದೇ ಸೋಂಕಾಗುವುದು ಬ್ರಾಂಕಿಯೆಕ್ಟಾಸಿಸ್. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುವುದು ಮತ್ತೊಂದು. ಎಷ್ಟೋ ಸಲ ಏದುಸಿರಿನ ಮೂಲ ಶ್ವಾಸಕೋಶದಲ್ಲಿ ಇರುವುದೇ ಇಲ್ಲ, ಹೃದಯದಲ್ಲೋ ರಕ್ತಹೀನತೆಯಲ್ಲೋ ಇರುತ್ತದೆ.

ಸಿಓಪಿಡಿ ಅಂದರೆ ಸಿಗರೇಟು ಸೇದುವವರ ಕಾಯಿಲೆ ಅನ್ನುವುದು ಅರ್ಧ ಸತ್ಯ. ಬ್ರಿಟನ್ನಿನಲ್ಲಿ ಬಹುಪಾಲು ಹಾಗೇ ಇದೆ. ನಮ್ಮ ಊರುಗಳಲ್ಲಿ ಬೀಡಿ ಮುಟ್ಟದ ಹೆಂಗಸರಿಗೂ ಬರುತ್ತದೆ. ಕಾರಣ, ಮೂವತ್ತು ನಲವತ್ತು ವರ್ಷ ಊದುಕೊಳವೆ ಹಿಡಿದು ಸೌದೆ ಒಲೆಯ ಮುಂದೆ ಕೂತದ್ದು. ಅಡುಗೆಮನೆಗೆ ಗ್ಯಾಸ್ ಬಂದ ಎಷ್ಟೋ ಮನೆಗಳಲ್ಲಿ ಬಚ್ಚಲಿನ ಹಂಡೆಗೆ ಇವತ್ತಿಗೂ ಸೌದೆಯೋ ತೆಂಗಿನ ಗರಿಯೋ ಉರಿಯುತ್ತದೆ. ಹಿಂದೆ ಕ್ಷಯ ಬಂದು ವಾಸಿಯಾದವರಲ್ಲೂ ಶ್ವಾಸಕೋಶಕ್ಕೆ ಆದ ಹಾನಿ ಹಾಗೇ ಉಳಿದು ವರ್ಷಗಳ ನಂತರ ಏದುಸಿರಾಗಿ ಕಾಣಿಸಿಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಸಿಓಪಿಡಿಯಿಂದ ಜಗತ್ತಿನಲ್ಲಿ ಸತ್ತವರು ಸುಮಾರು 35 ಲಕ್ಷ.

ಐಎಲ್‌ಡಿ ವಿಷಯದಲ್ಲೂ ನಮ್ಮ ಕಡೆಯದೊಂದು ವಿಶೇಷ ಇದೆ. ಭಾರತದ 27 ಕೇಂದ್ರಗಳ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ದಾಖಲಿಸಿ 2017ರಲ್ಲಿ ಪ್ರಕಟವಾದ ನೋಂದಣಿ ಅಧ್ಯಯನದಲ್ಲಿ ಹೆಚ್ಚು ಕಂಡದ್ದು, ಉಸಿರಿನ ಜೊತೆ ಒಳಹೋದ ಬೂಷ್ಟು, ಹಕ್ಕಿಗಳ ಹಿಕ್ಕೆ ಮುಂತಾದವಕ್ಕೆ ಶ್ವಾಸಕೋಶ ಕೆರಳಿ ಬರುವ ಬಗೆ. ಅವರಲ್ಲಿ ಸುಮಾರು ಅರ್ಧ ಜನ ಏರ್ ಕೂಲರ್ ಬಳಸುತ್ತಿದ್ದವರು. ಬಾಲ್ಕನಿಯಲ್ಲಿ ಪಾರಿವಾಳ ಇವೆಯಾ, ಕೂಲರ್ ಪ್ಯಾಡ್ ಯಾವಾಗ ತೊಳೆದಿರಿ ಅಂತ ತಜ್ಞರು ಕೇಳುವುದು ಸುಮ್ಮನೆ ಅಲ್ಲ.

ಮೊದಲು ಅಳೆಯಬೇಕು

ಬಿಪಿ ನೋಡದೆ ಬಿಪಿ ಮಾತ್ರೆ ಕೊಡಲು ಯಾರೂ ಒಪ್ಪುವುದಿಲ್ಲ. ಆದರೆ ಉಸಿರು ಅಳೆಯದೆ ವರ್ಷಗಟ್ಟಲೆ ದಮ್ಮಿನ ಔಷಧಿ ತೆಗೆದುಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ.

ಉಸಿರನ್ನು ಅಳೆಯುವ ಸಾಧನ ಸ್ಪೈರೋಮೀಟರ್. 1846ರಲ್ಲಿ ಜಾನ್ ಹಚಿನ್ಸನ್ ಎಂಬ ವೈದ್ಯ ಲಂಡನ್ನಿನಲ್ಲಿ ಅದರ ಬಗ್ಗೆ ಪ್ರಕಟಿಸಿದರು. ಈಗ ಅದು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿದೆ. ಉಸಿರು ಪೂರ್ತಿ ಎಳೆದು, ಜೋರಾಗಿ, ಕೊನೆಯವರೆಗೂ ಊದಬೇಕು. ಒಟ್ಟು ಹೊರಬಂದ ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲೇ ಬಂದದ್ದೆಷ್ಟು ಅಂತ ಯಂತ್ರ ಹೇಳುತ್ತದೆ. ಕೊಳವೆ ಸಡಿಲಿಸುವ ಔಷಧಿ ಕೊಟ್ಟ ಮೇಲೂ ಆ ಪ್ರಮಾಣ ಶೇ. 70ಕ್ಕಿಂತ ಕಡಿಮೆ ಇದ್ದರೆ ಕೊಳವೆಗಳಲ್ಲಿ ಕಾಯಂ ಅಡಚಣೆ ಇದೆ ಅಂತ ಅರ್ಥ, ಸಿಓಪಿಡಿ ಗುರುತಿಸುವುದು ಹೀಗೆ. ಔಷಧಿಯಿಂದ ಗಾಳಿ ಚೆನ್ನಾಗಿ ಬಿಟ್ಟುಕೊಂಡರೆ ಅಸ್ತಮಾ ಇರಬಹುದು. ಪ್ರಮಾಣ ಸರಿ ಇದ್ದು ಒಟ್ಟು ಗಾಳಿಯೇ ಕಡಿಮೆ ಇದ್ದರೆ ಐಎಲ್‌ಡಿಯ ಅನುಮಾನ ಬರುತ್ತದೆ, ಆಗ ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ಇನ್ನೊಂದು ಅಳತೆಗೆ ಯಂತ್ರವೇ ಬೇಡ. ಎರಡನೇ ಮಹಾಯುದ್ಧ ಮುಗಿದ ಮೇಲೆ ವೇಲ್ಸ್‌ನ ಕಲ್ಲಿದ್ದಲು ಗಣಿ ಕಾರ್ಮಿಕರ ಶ್ವಾಸಕೋಶ ಅಭ್ಯಸಿಸಲು ಕಾರ್ಡಿಫ್ ಹತ್ತಿರ ಒಂದು ಸಂಶೋಧನಾ ಘಟಕ ಶುರುವಾಯಿತು. ಅಲ್ಲಿ ಚಾರ್ಲ್ಸ್ ಫ್ಲೆಚರ್ ಮತ್ತು ಸಂಗಡಿಗರ ಕೆಲಸದಿಂದ ಬೆಳೆದದ್ದು ಎಂಆರ್‌ಸಿ ಏದುಸಿರಿನ ಮಾಪಕ. ಅದರಲ್ಲಿ ಐದು ಹಂತ:

1. ತುಂಬಾ ಶ್ರಮದ ಕೆಲಸ ಮಾಡಿದಾಗ ಮಾತ್ರ ಏದುಸಿರು.
2. ಅವಸರವಾಗಿ ನಡೆದರೆ ಅಥವಾ ಸಣ್ಣ ಏರು ಹತ್ತಿದರೆ ಏದುಸಿರು.
3. ಸಮತಟ್ಟು ದಾರಿಯಲ್ಲೂ ಓರಗೆಯವರಿಗಿಂತ ನಿಧಾನ, ಅಥವಾ ತಮ್ಮ ಪಾಡಿಗೆ ನಡೆದರೂ ನಿಲ್ಲಬೇಕಾಗುತ್ತದೆ.
4. ಸುಮಾರು 100 ಮೀಟರ್ ಅಥವಾ ಕೆಲವೇ ನಿಮಿಷ ನಡೆದರೆ ನಿಲ್ಲಬೇಕು.
5. ಮನೆ ಬಿಟ್ಟು ಹೊರಡಲು ಆಗದು, ಬಟ್ಟೆ ಹಾಕಿಕೊಂಡರೂ ಏದುಸಿರು.

‘ಹೇಗಿದ್ದೀಯಮ್ಮ?’ ಅಂತ ಕೇಳಿದರೆ ‘ಚೆನ್ನಾಗಿದ್ದೀನಿ ಕಣೋ’ ಅಂತಲೇ ಉತ್ತರ ಬರುತ್ತದೆ. ‘ತರಕಾರಿ ಅಂಗಡಿಗೆ ಹೋಗಿ ಬರುವಾಗ ಎಷ್ಟು ಸಲ ನಿಲ್ಲುತ್ತೀಯ?’ ಅಂತ ಕೇಳಿ ನೋಡಿ. ಉತ್ತರ 3ನೇ ಹಂತದ್ದಾಗಿದ್ದರೆ ಬರೀ ವಯಸ್ಸು ಅಂತ ಬಿಡುವ ಹಾಗಿಲ್ಲ. ಯಾಕೆಂದರೆ ಈ ಹೋಲಿಕೆ ನಡೆಯುತ್ತಿರುವುದು ಅವರದೇ ವಯಸ್ಸಿನವರ ಜೊತೆ.

ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಪಲ್ಸ್ ಆಕ್ಸಿಮೀಟರ್ ಬಗ್ಗೆ ಒಂದು ಎಚ್ಚರಿಕೆ. ಕಪ್ಪು, ಕಂದು ಮೈಬಣ್ಣದವರಲ್ಲಿ ಅದು ಇರುವುದಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದು. ಅದೂ ಅಲ್ಲದೆ ಕೂತಾಗ 96 ಇದ್ದದ್ದು ನಡೆದಾಗ ಇಳಿಯಬಹುದು. ಅದಕ್ಕೇ ತಜ್ಞರು ಆರು ನಿಮಿಷ ನಡೆಸಿ ನೋಡುತ್ತಾರೆ.

ಕ್ಷಯದ ಆಸ್ಪತ್ರೆಯಿಂದ ತಂಡದವರೆಗೆ

ಬ್ರಿಟನ್ನಿನಲ್ಲೂ ಕರ್ನಾಟಕದಲ್ಲೂ ಎದೆರೋಗದ ಹಳೆಯ ಆಸ್ಪತ್ರೆಗಳ ಚರಿತ್ರೆ ಕ್ಷಯದೊಂದಿಗೆ ಬೆಸೆದುಕೊಂಡಿದೆ. ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆ 1841ರಲ್ಲಿ ಸ್ಥಾಪನೆಯಾದದ್ದು ಕ್ಷಯರೋಗಿಗಳಿಗಾಗಿ. ಈಗ ಕೇಂಬ್ರಿಡ್ಜಿನಲ್ಲಿರುವ ರಾಯಲ್ ಪ್ಯಾಪ್‌ವರ್ತ್ ಆಸ್ಪತ್ರೆ ಮೊದಲು ಹತ್ತಿರದ ಹಳ್ಳಿಯಲ್ಲಿ ಕ್ಷಯರೋಗಿಗಳ ವಸಾಹತಾಗಿ ಶುರುವಾಯಿತು, 2019ರಲ್ಲಿ ನಗರಕ್ಕೆ ಬಂತು. ಮೈಸೂರಿನವರಿಗೆ ಪಿಕೆಟಿಬಿ ಸ್ಯಾನಟೋರಿಯಂ ಗೊತ್ತು. ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯ ಹೆಸರಿನ ಜೊತೆಗೂ ಕ್ಷಯ ಸಂಶೋಧನಾ ಕೇಂದ್ರದ ಹೆಸರು ಸೇರಿಕೊಂಡಿದೆ. ಆಗ ಒಳ್ಳೆ ಗಾಳಿ, ಊಟ, ವಿಶ್ರಾಂತಿ ಇವೇ ಚಿಕಿತ್ಸೆ. ಈಗ ಅದೇ ಬಗೆಯ ಆಸ್ಪತ್ರೆಗಳಲ್ಲಿ ರೋಗಿಯನ್ನು ನೋಡುವುದು ಒಂದು ತಂಡ.

ತಂಡದಲ್ಲಿ ಶ್ವಾಸಕೋಶ ತಜ್ಞ ವೈದ್ಯರ ಜೊತೆ ಉಸಿರು ಅಳೆಯುವ ಫಿಸಿಯಾಲಜಿಸ್ಟ್, ವ್ಯಾಯಾಮ ಮಾಡಿಸುವ ಮತ್ತು ಕಫ ತೆಗೆಯಲು ಕಲಿಸುವ ಫಿಸಿಯೋಥೆರಪಿಸ್ಟ್, ಫೋನಿನಲ್ಲಿ ಸಿಗುವ ವಿಶೇಷ ನರ್ಸ್, ಫಾರ್ಮಸಿಸ್ಟ್, ಆಹಾರ ತಜ್ಞರು ಇರುತ್ತಾರೆ. ಐಎಲ್‌ಡಿಯಂಥ ಕಾಯಿಲೆಯಲ್ಲಿ ಶ್ವಾಸಕೋಶ ತಜ್ಞರು, ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್, ಬೇಕಾದರೆ ಕೀಲುರೋಗ ತಜ್ಞರೂ ಒಟ್ಟಿಗೆ ಕೂತು, ಒಂದೊಂದು ಕೇಸನ್ನೂ ಚರ್ಚಿಸಿ ರೋಗದ ಹೆಸರು ನಿರ್ಧರಿಸುತ್ತಾರೆ. ಯಾಕೆಂದರೆ ಐಎಲ್‌ಡಿಯ ಒಂದು ಬಗೆಗೆ ಸ್ಟೀರಾಯ್ಡ್ ಬೇಕು, ಇನ್ನೊಂದು ಬಗೆಗೆ ಅದೇ ಸ್ಟೀರಾಯ್ಡ್ ಹಾನಿ ಮಾಡಬಹುದು.

‘ಪಂಪು ಅಭ್ಯಾಸ ಆಗ್ಬಿಡುತ್ತೆ’

ಇನ್‌ಹೇಲರ್ ಬಗ್ಗೆ ನಮ್ಮ ಮನೆಗಳಲ್ಲಿ ಇರುವ ಭಯ ಇದು. ನಿಜ ಹೇಳಬೇಕೆಂದರೆ ಪಂಪು ಔಷಧಿಯನ್ನು ಬೇಕಾದ ಜಾಗಕ್ಕೇ ತಲುಪಿಸುತ್ತದೆ, ಹಾಗಾಗಿ ಮಾತ್ರೆ, ಸಿರಪ್ಪಿಗಿಂತ ತುಂಬಾ ಕಡಿಮೆ ಪ್ರಮಾಣ ಸಾಕು. ಅದು ಚಟ ಹಿಡಿಸುವುದಿಲ್ಲ. ಕಾಯಿಲೆ ದೀರ್ಘಕಾಲದ್ದು, ಅದಕ್ಕೇ ಔಷಧಿಯೂ ದೀರ್ಘಕಾಲ ಬೇಕು.

ನಿಜವಾದ ಸಮಸ್ಯೆ ಬೇರೆ. ಇನ್‌ಹೇಲರ್ ಬಳಸುವವರಲ್ಲಿ ಬಹಳ ಜನ ಅದನ್ನು ಸರಿಯಾಗಿ ಬಳಸುವುದಿಲ್ಲ. ಒತ್ತುವ ಪಂಪಾದರೆ ಅಲ್ಲಾಡಿಸಿ, ಉಸಿರು ಪೂರ್ತಿ ಬಿಟ್ಟು, ನಿಧಾನವಾಗಿ ಎಳೆಯಲು ಶುರು ಮಾಡುತ್ತಿದ್ದ ಹಾಗೆ ಒತ್ತಿ, ಎಳೆದ ಮೇಲೆ ಸುಮಾರು 10 ಸೆಕೆಂಡ್ ಉಸಿರು ಹಿಡಿಯಬೇಕು. ಸ್ಪೇಸರ್ ಡಬ್ಬಿ ಜೋಡಿಸಿದರೆ ಸುಲಭ. ಕ್ಯಾಪ್ಸೂಲ್ ಹಾಕುವ ಪುಡಿ ಇನ್‌ಹೇಲರಿಗೆ ಇದು ತದ್ವಿರುದ್ಧ, ಜೋರಾಗಿ, ಆಳವಾಗಿ ಎಳೆಯಬೇಕು. ಆ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಿಬಿಡುವವರೂ ಇದ್ದಾರೆ! ಸ್ಟೀರಾಯ್ಡ್ ಇರುವ ಇನ್‌ಹೇಲರ್ ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಒಳ್ಳೆಯ ಕ್ಲಿನಿಕ್ಕಿನಲ್ಲಿ ಪ್ರತಿ ಭೇಟಿಯಲ್ಲೂ ‘ಹೇಗೆ ತಗೋತೀರಿ, ತೋರಿಸಿ’ ಅನ್ನುತ್ತಾರೆ. ಎಷ್ಟೋ ಸಲ ಔಷಧಿ ಬದಲಿಸುವ ಅಗತ್ಯವೇ ಬೀಳುವುದಿಲ್ಲ.

ನಡಿಗೆಯೇ ಔಷಧಿ

ಏದುಸಿರು ಬರುತ್ತದೆ ಅಂತ ನಡೆಯುವುದು ಬಿಟ್ಟರೆ ಕಾಲಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯುವಿಗೆ ಅದೇ ಕೆಲಸ ಮಾಡಲು ಹೆಚ್ಚು ಆಮ್ಲಜನಕ ಬೇಕು. ಆಗ ಏದುಸಿರು ಇನ್ನೂ ಜಾಸ್ತಿ. ಮತ್ತೆ ನಡಿಗೆ ಕಡಿಮೆ. ‘ಸುಮ್ನೆ ಕೂತ್ಕೊಳ್ಳಮ್ಮ, ಏನೂ ಮಾಡ್ಬೇಡ’ ಅಂತ ನಾವು ಪ್ರೀತಿಯಿಂದ ಹೇಳುವ ಮಾತೇ ಈ ಸುಳಿಗೆ ತಳ್ಳುತ್ತದೆ.

ಇದನ್ನು ಮುರಿಯುವ ಕಾರ್ಯಕ್ರಮಕ್ಕೆ ಪಲ್ಮನರಿ ರಿಹ್ಯಾಬಿಲಿಟೇಷನ್ ಅನ್ನುತ್ತಾರೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 6ರಿಂದ 12 ವಾರ, ವಾರಕ್ಕೆರಡು ಸಲ ಗುಂಪಿನಲ್ಲಿ ನಡೆಯುತ್ತದೆ. ನಡಿಗೆ, ಸೈಕಲ್, ಸಣ್ಣ ತೂಕ ಎತ್ತುವುದು, ಜೊತೆಗೆ ಉಸಿರು ಹಿಡಿತಕ್ಕೆ ತರುವ ಪಾಠ. ಎಂಆರ್‌ಸಿ 3 ಮತ್ತು ಅದಕ್ಕೂ ಮೇಲಿನ ಹಂತದ ಸಿಓಪಿಡಿ ರೋಗಿಗಳಿಗೆ ಇದನ್ನು ಕೊಡಿಸಬೇಕು ಅಂತ ಇಲ್ಲಿನ ಮಾರ್ಗಸೂಚಿ ಹೇಳುತ್ತದೆ. 2015ರ ಕಾಕ್ರೇನ್ ಪರಿಶೀಲನೆ 65 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿತು. ಏದುಸಿರು, ಸುಸ್ತು, ನಡೆಯುವ ಶಕ್ತಿ ಎಲ್ಲದರಲ್ಲೂ ಸುಧಾರಣೆ ಎಷ್ಟು ಸ್ಪಷ್ಟವಾಗಿತ್ತೆಂದರೆ, ಮಾಮೂಲಿ ಆರೈಕೆಯ ಜೊತೆ ಹೋಲಿಸುವ ಪ್ರಯೋಗ ಇನ್ನು ಬೇಡ ಅಂದಿತು. ಅಂದಹಾಗೆ, ಆ ಸಂಸ್ಥೆಗೆ ಹೆಸರು ಕೊಟ್ಟ ಆರ್ಚಿ ಕಾಕ್ರೇನ್ ಕೂಡ ಅದೇ ವೇಲ್ಸ್ ಗಣಿ ಕಾರ್ಮಿಕರ ಘಟಕದಲ್ಲಿ ಕೆಲಸ ಮಾಡಿದವರು.

ಇದರಿಂದ ಹರಿದ ಗಾಳಿಚೀಲ ಮತ್ತೆ ಹುಟ್ಟುವುದಿಲ್ಲ. ಇರುವ ಶ್ವಾಸಕೋಶದಲ್ಲೇ ಹೆಚ್ಚು ದೂರ ನಡೆಯುವ ಹಾಗೆ ಆಗುತ್ತದೆ.

ಆಕ್ಸಿಜನ್: ಯಾರಿಗೆ, ಎಷ್ಟು?

‘ಆಕ್ಸಿಜನ್ ಹಾಕಿದ್ರೆ ಮುಗೀತು’ ಅನ್ನುವ ಭಯ ಒಂದು ಕಡೆ, ಸುಸ್ತಾದಾಗೆಲ್ಲ ಹತ್ತು ನಿಮಿಷ ಹಾಕಿಕೊಂಡರೆ ಒಳ್ಳೆಯದು ಅನ್ನುವ ನಂಬಿಕೆ ಇನ್ನೊಂದು ಕಡೆ. ಎರಡೂ ಸರಿಯಲ್ಲ. 1981ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗವೊಂದರಲ್ಲಿ ರಕ್ತದಲ್ಲಿ ಆಮ್ಲಜನಕ ತೀರಾ ಕಡಿಮೆಯಿದ್ದ 87 ರೋಗಿಗಳಿದ್ದರು. ದಿನಕ್ಕೆ ಕನಿಷ್ಠ 15 ಗಂಟೆ ಆಕ್ಸಿಜನ್ ಪಡೆದ 42 ಜನರಲ್ಲಿ ಐದು ವರ್ಷದಲ್ಲಿ ತೀರಿಕೊಂಡವರು 19, ಪಡೆಯದ 45 ಜನರಲ್ಲಿ 30. ಈ ‘15 ಗಂಟೆ’ ಲೆಕ್ಕ ಇವತ್ತಿಗೂ ಚಾಲ್ತಿಯಲ್ಲಿದೆ.

ಆದರೆ ಇದು ರಕ್ತ ಪರೀಕ್ಷೆಯಲ್ಲಿ ಕೊರತೆ ಖಚಿತವಾದವರಿಗೆ ಮಾತ್ರ. ಸಿಓಪಿಡಿ ಮುಂದುವರಿದ ಕೆಲವರಲ್ಲಿ ಆಕ್ಸಿಜನ್ ಅತಿಯಾದರೆ ಇಂಗಾಲದ ಡೈಆಕ್ಸೈಡ್ ದೇಹದಲ್ಲೇ ಉಳಿದು ಮಂಪರು, ಪ್ರಜ್ಞೆ ತಪ್ಪುವುದು ಆಗಬಹುದು. ಅಂಥವರಿಗೆ ಆಸ್ಪತ್ರೆಯಲ್ಲಿ ಶೇ. 88ರಿಂದ 92ರ ನಡುವೆ ಮಾತ್ರ ಇಡುತ್ತಾರೆ. ಮನೆಯಲ್ಲಿ ಗುಬುಟು ತಿರುಗಿಸಿ 99ಕ್ಕೆ ಏರಿಸುವುದು ಒಳ್ಳೆಯದಲ್ಲ. ಆಕ್ಸಿಜನ್ ಇರುವ ಕೋಣೆಯಲ್ಲಿ ದೀಪ, ಊದುಬತ್ತಿ, ಬೀಡಿ ಯಾವುದೂ ಇರಬಾರದು.

ಕಾಯಿಲೆ ಜೋರಾದಾಗ

ಶ್ವಾಸಕೋಶ ಕಾರಣವಿಲ್ಲದೆ ಗಟ್ಟಿಯಾಗುತ್ತಾ ಹೋಗುವ ಐಪಿಎಫ್ ಎಂಬ ಕಾಯಿಲೆಗೆ ಪಿರ್ಫೆನಿಡೋನ್, ನಿಂಟೆಡಾನಿಬ್ ಎಂಬ ಔಷಧಿಗಳು ಬಂದಿವೆ, ಭಾರತದಲ್ಲೂ ಸಿಗುತ್ತವೆ. ಇವು ಕಾಯಿಲೆಯ ವೇಗ ತಗ್ಗಿಸುತ್ತವೆ, ಆದ ಹಾನಿಯನ್ನು ಹಿಂದಕ್ಕೆ ತರುವುದಿಲ್ಲ. ಆದ್ದರಿಂದಲೇ ಬೇಗ ಗುರುತಿಸಬೇಕು. ಬಿಡದ ಒಣಕೆಮ್ಮು, ಏರುತ್ತಿರುವ ಏದುಸಿರು, ಬೆರಳ ತುದಿ ಉಬ್ಬುವುದು, ಬೆನ್ನಿನ ಮೇಲೆ ಸ್ಟೆತಸ್ಕೋಪ್ ಇಟ್ಟರೆ ವೆಲ್‌ಕ್ರೋ ಪಟ್ಟಿ ಬಿಚ್ಚಿದಂಥ ಸದ್ದು, ಇವು ಸುಳಿವು.

ಕೆಲವರಿಗೆ ಶ್ವಾಸಕೋಶ ಕಸಿ ದಾರಿಯಾಗುತ್ತದೆ. ಬ್ರಿಟನ್ನಿನಲ್ಲಿ ವಯಸ್ಕರಿಗೆ ಇದು ಹೇರ್‌ಫೀಲ್ಡ್, ಪ್ಯಾಪ್‌ವರ್ತ್, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್, ನ್ಯೂಕಾಸಲ್, ಈ ಐದು ಕಡೆ ನಡೆಯುತ್ತದೆ. ದೇಹ ಪೂರ್ತಿ ಸೊರಗಿದ ಮೇಲೆ ಕಸಿ ತಾಳಿಕೊಳ್ಳುವುದು ಕಷ್ಟ. ಆದ್ದರಿಂದ ಆ ಮಾತನ್ನೂ ಬೇಗ ಶುರು ಮಾಡಬೇಕು.

ಇನ್ನು ಪ್ಯಾಲಿಯೇಟಿವ್ ಆರೈಕೆ. ಈ ಹೆಸರು ಕೇಳಿದರೆ ಮನೆಯವರು ಕೈಬಿಟ್ಟರು ಅಂದುಕೊಳ್ಳುತ್ತಾರೆ. ಹಾಗಲ್ಲ. ಚಿಕಿತ್ಸೆಯ ಜೊತೆಜೊತೆಗೇ ಏದುಸಿರಿನ ಸಂಕಟ ಕಡಿಮೆ ಮಾಡುವುದು ಅದರ ಕೆಲಸ. ಮುಖಕ್ಕೆ ತಣ್ಣನೆ ಗಾಳಿ ಬಿಡುವ ಕೈ ಫ್ಯಾನು, ಮುಂದಕ್ಕೆ ಬಾಗಿ ಕೂರುವ ಭಂಗಿ, ಗಾಬರಿ ಇಳಿಸುವ ಉಸಿರಾಟ, ಬೇಕಾದಾಗ ವೈದ್ಯರು ಕೊಡುವ ಸಣ್ಣ ಪ್ರಮಾಣದ ಮಾರ್ಫಿನ್. ವೆಂಟಿಲೇಟರ್ ಬೇಕೇ ಬೇಡವೇ ಅಂತ ರೋಗಿಯ ಮನಸ್ಸಿನ ಮಾತು ಮೊದಲೇ ಕೇಳಿಟ್ಟುಕೊಳ್ಳುವುದೂ ಇದರಲ್ಲಿ ಸೇರಿದೆ. ಐಸಿಯು ಬಾಗಿಲಲ್ಲಿ ನಿಂತು ಮಕ್ಕಳು ಊಹೆ ಮಾಡುವ ಪರಿಸ್ಥಿತಿ ಬರಬಾರದು.

ಇಲ್ಲಿರುವ ನಾವು ಏನು ಮಾಡಬಹುದು?

ನಿಮಗೇ ಅಸ್ತಮಾ ಇದ್ದರೆ: ವೀಸಾ ಅರ್ಜಿಯ ಜೊತೆ ಆರೋಗ್ಯ ಶುಲ್ಕ ಕಟ್ಟಿಯೇ ಬಂದಿದ್ದೀರಿ. ಬಂದ ವಾರವೇ ಜಿಪಿ ಹತ್ತಿರ ನೋಂದಾಯಿಸಿ. ಊರಿಂದ ತಂದ ನೀಲಿ ಪಂಪಿನಲ್ಲೇ ವರ್ಷ ದೂಡಬೇಡಿ. ನೀಲಿ ಪಂಪು ಕೊಳವೆ ಸಡಿಲಿಸುತ್ತದೆ, ಒಳಗಿನ ಊತ ಇಳಿಸುವುದಿಲ್ಲ. ಅದೊಂದನ್ನೇ ನೆಚ್ಚಿಕೊಳ್ಳುವುದು ಬೇಡ ಅಂತ 2019ರಿಂದ ಜಾಗತಿಕ ಮಾರ್ಗಸೂಚಿ, 2024ರಿಂದ ಬ್ರಿಟಿಷ್ ಮಾರ್ಗಸೂಚಿ ಹೇಳುತ್ತಿವೆ. ವರ್ಷಕ್ಕೊಮ್ಮೆ ಅಸ್ತಮಾ ತಪಾಸಣೆ ಮಾಡಿಸಿ, ಬರಹದಲ್ಲಿ ಆಕ್ಷನ್ ಪ್ಲಾನ್ ಕೇಳಿ. ಇಂಗ್ಲೆಂಡಿನಲ್ಲಿ ಅಸ್ತಮಾ ಔಷಧಿಗೆ ಪ್ರಿಸ್ಕ್ರಿಪ್ಷನ್ ಶುಲ್ಕ ಇದೆ, ಪದೇ ಪದೇ ಬೇಕಾದರೆ ಮುಂಗಡ ಪಾವತಿಯ ಸರ್ಟಿಫಿಕೇಟ್ ಅಗ್ಗ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನಲ್ಲಿ ಶುಲ್ಕವಿಲ್ಲ.

ಅಪ್ಪ ಅಮ್ಮ ಘಟಿಕೋತ್ಸವಕ್ಕೆ ಬರುವುದಿದ್ದರೆ: ವಿಮಾನದ ಒಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಂತೆ ಇರಬಹುದು, ಅಂದರೆ ಮುಳ್ಳಯ್ಯನಗಿರಿಗಿಂತಲೂ ಎತ್ತರ. ಅಲ್ಲಿ ಹತ್ತು ಗಂಟೆ ಕೂರಬೇಕು. ಶ್ವಾಸಕೋಶದ ಕಾಯಿಲೆ ಇದ್ದವರು ಟಿಕೆಟ್ ಮಾಡಿಸುವ ಮುಂಚೆಯೇ ತಜ್ಞರನ್ನು ಕೇಳಬೇಕು. ಕೆಲವರಿಗೆ ವಿಮಾನದಲ್ಲಿ ಆಕ್ಸಿಜನ್ ಬೇಕಾಗಬಹುದು, ಅದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಮೊದಲೇ ಪಡೆಯಬೇಕು. ಪ್ರವಾಸಿಗಳಿಗೆ ಇಲ್ಲಿ ಆಸ್ಪತ್ರೆಗೆ ಸೇರಿದರೆ ಬಿಲ್ ಬರುತ್ತದೆ. ಇನ್ಶೂರೆನ್ಸ್ ಮಾಡಿಸುವಾಗ ಕಾಯಿಲೆ ಮುಚ್ಚಿಡಬೇಡಿ.

ಊರಲ್ಲಿ ಇರುವವರಿಗಾಗಿ: ಈ ಐದು ಪ್ರಶ್ನೆ ಬರೆದುಕೊಟ್ಟು ವೈದ್ಯರ ಹತ್ತಿರ ಕಳಿಸಿ.

ಒಂದು, ಕಾಯಿಲೆಯ ಹೆಸರೇನು, ಸ್ಪೈರೋಮೆಟ್ರಿ ಆಗಿದೆಯಾ?
ಎರಡು, ಇನ್‌ಹೇಲರ್ ತೆಗೆದುಕೊಳ್ಳುವ ರೀತಿ ಸರಿ ಇದೆಯಾ ಅಂತ ನೋಡುತ್ತೀರಾ?
ಮೂರು, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಬೇಕಾ?
ನಾಲ್ಕು, ಯಾವ ವ್ಯಾಯಾಮ, ಎಷ್ಟು ಮಾಡಬಹುದು?
ಐದು, ಜೋರಾದರೆ ಮನೆಯಲ್ಲಿ ಏನು ಮಾಡಬೇಕು, ಯಾವಾಗ ಆಸ್ಪತ್ರೆಗೆ ಓಡಬೇಕು?

ಐದನೆಯದಕ್ಕೆ ಸಾಮಾನ್ಯ ಉತ್ತರ ಎಲ್ಲರಿಗೂ ಗೊತ್ತಿರಬೇಕು. ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ನೀಲಿಯಾದರೆ, ಮಂಪರು ಅಥವಾ ಗೊಂದಲ ಕಂಡರೆ ಕಾಯಬಾರದು. ಇಲ್ಲಾದರೆ 999, ಕರ್ನಾಟಕದಲ್ಲಾದರೆ 108.

ಎಲ್ಲಕ್ಕಿಂತ ದೊಡ್ಡ ಚಿಕಿತ್ಸೆ ಹೊಗೆಯಿಂದ ದೂರ ಆಗುವುದು. ಸೇದುವವರು ಯಾವ ವಯಸ್ಸಿನಲ್ಲಿ ಬಿಟ್ಟರೂ ಶ್ವಾಸಕೋಶ ಕೆಡುವ ವೇಗ ತಗ್ಗುತ್ತದೆ. ಮೊದಲ ಸಂಬಳದಲ್ಲಿ ಮನೆಗೆ ಏನು ಕೊಡಿಸಲಿ ಅಂತ ಯೋಚಿಸುತ್ತಿದ್ದರೆ, ಬಚ್ಚಲಿಗೊಂದು ಸೋಲಾರ್ ಅಥವಾ ಕರೆಂಟಿನ ಗೀಸರ್ ಹಾಕಿಸಿ. ಹಂಡೆ ಒಲೆ ಆರಿದರೆ ಮನೆಯವರೆಲ್ಲರ ಎದೆಗೂ ಒಳ್ಳೆಯದು.